ನೀಲವಾಡಿಯ ಮುಷ್ಟಿ ಗಾಡಿ

ಕಾಳು ಮುಟ್ಟಿ ಮನೆ ಹೇಳುವವಳು ಸುಗಂಧಾ. ಬಸವಕಲ್ಯಾಣ, ಹುಮನಾಬಾದುಗಳ ನಡುವೆ, ಹೆದ್ದಾರಿಯ ಕ್ರಾಸಿನಿಂದ ಐದು ಕಿಲೋಮೀಟರ್ ಒಳಗಿರುವ ನೀಲವಾಡಿಯಲ್ಲಿ ಹದಿನಾಲ್ಕು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿದ್ದಾಳೆ. ಡಬ್ಬಿಯ ಮೇಲೆ ಹೆಸರು ಬರೆಯುವ ಪದ್ಧತಿ ಅಲ್ಲಿಲ್ಲ. ಜೋಳದಲ್ಲಿ ಹರಳು ಹೆಚ್ಚಿದ್ದರೆ ಅದು ಗಡಿಬಿಡಿಯ ಮನೆ, ಗೋಧಿ ಬಿಸಿಲು ಕಂಡು ಗಲಗಲ ಎನ್ನುತ್ತಿದ್ದರೆ ಹೊಸ ಸೊಸೆ ಬಂದ ಮನೆ, ಇದು ಅವಳ ಲೆಕ್ಕ. ಲೆಕ್ಕ ತಪ್ಪಿ ಒಬ್ಬರ ಹಿಟ್ಟು ಇನ್ನೊಬ್ಬರಿಗೆ ಹೋದದ್ದನ್ನು ಊರು ಕಂಡಿಲ್ಲ.

ಗಿರಣಿಯ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಅದರ ಕೆಳಗೆ ದೊಡ್ಡ ಕರೆಂಟಿನ ಬೋರ್ಡು, ಬೋರ್ಡಿನ ಪಕ್ಕದ ಹೊರಸಿನ ಮೇಲೆ ಗಂಡ ಮಚ್ಚೇಂದ್ರ. ಮಚ್ಚೇಂದ್ರ ಗೌಂಡಿ. ಊರಿನ ಅರ್ಧ ಗೋಡೆಗಳು ಅವನ ಕೈಯವು. ಮೂರು ವರ್ಷದ ಹಿಂದೆ ಎರಡೂ ಕಿಡ್ನಿ ಕೈಕೊಟ್ಟವು. ಅಂದಿನಿಂದ ಪ್ರತಿ ಮಂಗಳವಾರ, ಶುಕ್ರವಾರ ಹುಮನಾಬಾದಿನ ಸರಕಾರಿ ದವಾಖಾನೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು.

ಅಲ್ಲಿ ದುಡ್ಡು ಕೊಡಬೇಕಿಲ್ಲ. ಹುಮನಾಬಾದಿನಿಂದ ಕ್ರಾಸಿನವರೆಗೆ ಬಸ್ಸಿಗೂ ಬರವಿಲ್ಲ, ಅರ್ಧ ತಾಸಿಗೊಂದು ಬರುತ್ತದೆ. ಬರವಿರುವುದು ಕ್ರಾಸಿನಿಂದ ಊರಿಗೆ. ಐದೇ ಐದು ಕಿಲೋಮೀಟರ್. ಅದಕ್ಕೆ ಮುಂಜಾನೆ ಎಂಟಕ್ಕೊಂದು ಬಸ್ಸು, ಸಂಜೆ ಐದೂವರೆಗೊಂದು. ಮೊದಲು ಅಜೀಮನ ಟಮ್‌ಟಮ್ ಓಡಾಡುತ್ತಿತ್ತು, ಅದೂ ಹೋದ ವರ್ಷ ಗುಜರಿ ಸೇರಿತು. ಎರಡು ಗಂಟೆಗೆ ಕ್ರಾಸಿನಲ್ಲಿ ಇಳಿದ ಮಚ್ಚೇಂದ್ರ ಬೇವಿನ ಗಿಡದ ಕೆಳಗೆ ಮೂರೂವರೆ ತಾಸು ಕೂಡಬೇಕು. ಡಯಾಲಿಸಿಸ್ ಆದ ದಿನ ಮನುಷ್ಯ ಹಿಂಡಿ ಹಾಕಿದ ಅರಿವೆಯಂತೆ ಇರುತ್ತಾನೆ, ಯಾರದೋ ಬೈಕಿನ ಹಿಂದೆ ಹಿಡಿದು ಕೂಡಲೂ ಕಸುವಿರುವುದಿಲ್ಲ.

ದೀಪಾವಳಿ ಆದ ಮೇಲಿನ ಒಂದು ಶುಕ್ರವಾರ ಅವನು ಕಾಯಲಾರದೆ ನಡೆಯತೊಡಗಿ, ಅರ್ಧ ದಾರಿಯಲ್ಲಿ ಕಬ್ಬಿನ ಹೊಲದ ಬದುವಿನ ಮೇಲೆ ಬಿದ್ದ. ಹಾಲಿನವನ ಕಣ್ಣಿಗೆ ಬಿದ್ದದ್ದು ಪುಣ್ಯ. ಆ ಸಂಜೆ ಹೊರಸಿನ ಮೇಲೆ ಅಂಗಾತ ಮಲಗಿ ಅವನೆಂದ:

“ಸುಗಂಧಾ, ಯುಗಾದಿ ತನಕ ದವಾಖಾನಿಗೆ ಹೋಗ್ತೀನಿ. ಆಮ್ಯಾಲ ಬಿಟ್ಟ ಬಿಡ್ತೀನಿ. ಭಾಳ ಆಯ್ತು.”

“ಬಿಟ್ರ ಏನಾಗ್ತದಂತ ಡಾಕ್ಟರ್ ಹೇಳ್ಯಾರಲ್ರಿ!”

“ಹೇಳ್ಯಾರ. ಅದಕ್ಕs ಯುಗಾದಿ ಅಂದೆ. ಹೋಳಗಿ ಉಂಡು ಬಿಡ್ತೀನಿ.”

ಮಚ್ಚೇಂದ್ರ ಚೇಷ್ಟೆಯ ಮನುಷ್ಯ. ಆದರೆ ಒಮ್ಮೆ ದಾರ ಹಿಡಿದು ಗುರುತು ಹಾಕಿದನೆಂದರೆ ಗೋಡೆ ಅಲ್ಲೇ ಏಳಬೇಕು, ಒಂದು ಬೆರಳು ಆಚೆ ಈಚೆ ಆಗುವ ಮಾತಿಲ್ಲ. ಇಪ್ಪತ್ತೆಂಟು ವರ್ಷ ಜೊತೆಗೆ ಬಾಳಿದವಳಿಗೆ ಅದು ಗೊತ್ತು. ಸುಗಂಧಾ ಎದ್ದು ಹೋಗಿ ಖಾಲಿ ಗಿರಣಿಯನ್ನೇ ಶುರು ಮಾಡಿದಳು. ಅವನಿಗೆ ಬೆನ್ನು ಮಾಡಿ, ಆ ಸಪ್ಪಳದಲ್ಲಿ ನಿಂತು ಅತ್ತಳು. ಬೀಸುವ ಕಾಳಿಲ್ಲದೆ ಗಿರಣಿ ಯಾಕೆ ಓಡಾಕತ್ತದ ಎಂದು ಅವನು ಕೇಳಲಿಲ್ಲ.

ಸಂಕ್ರಾಂತಿಗೆ ವಾರವಿದ್ದಾಗ ಸಂಜೀವಕುಮಾರ ಎಂಬ ಟ್ರಸ್ಟಿನ ಮನುಷ್ಯ ಊರ ಚಾವಡಿಗೆ ಬಂದ. ಬಸ್ಸು ಸಾಲದ ಹಳ್ಳಿಗಳಿಗೆ ಕರೆಂಟಿನ ಗಾಡಿ ಕೊಡಿಸುವುದು ಅವನ ಕೆಲಸ. ಗಾಡಿಯಲ್ಲಿ ಎಂಟು ಮಂದಿ ಕೂಡಬಹುದು. ಅದಕ್ಕೆ ಹೊತ್ತು ಗೊತ್ತು ಇಲ್ಲ. ಫೋನ್ ಮಾಡಿದರೆ ಬಾಗಿಲಿಗೆ ಬರುತ್ತದೆ, ಅದೇ ಹೊತ್ತಿಗೆ ಅದೇ ದಾರಿಗೆ ಯಾರು ಯಾರು ಕರೆದಿದ್ದಾರೋ ಅವರನ್ನೆಲ್ಲ ಕೂಡಿಸಿಕೊಂಡು ಹೋಗುತ್ತದೆ. ಕ್ರಾಸಿಗೆ ಹತ್ತು ರೂಪಾಯಿ. ಗಾಡಿಯ ಬಹುಪಾಲು ದುಡ್ಡು ಟ್ರಸ್ಟಿನದು, ಊರು ಅರವತ್ತು ಸಾವಿರ ಹಾಕಬೇಕು.

“ಹೋಳಿ ಹುಣ್ಣಿಮಿ ಒಳಗ ಕೊಟ್ರಿ ಅಂದ್ರ, ಯುಗಾದಿಗೆ ಗಾಡಿ ನಿಮ್ಮೂರಾಗ ಇರ್ತದ” ಎಂದ ಸಂಜೀವಕುಮಾರ. ಯುಗಾದಿ ಎಂಬ ಮಾತು ಕಿವಿಗೆ ಬಿದ್ದದ್ದೇ ಹಿಂದೆ ಹೆಂಗಸರ ನಡುವೆ ನಿಂತಿದ್ದ ಸುಗಂಧಾ ಎರಡು ಹೆಜ್ಜೆ ಮುಂದೆ ಬಂದಳು.

ಅಷ್ಟರಲ್ಲಿ ಬಸವಣಪ್ಪ ಎದ್ದು ನಿಂತ. ಊರಿನ ದೊಡ್ಡ ಹಿಡುವಳಿಯವನು, ಕಬ್ಬು ತೊಗರಿಯ ಸಾವಕಾರ, ಊರಿನ ಒಂದೇ ಒಂದು ಕಾರು ಅವನದು. “ಅರವತ್ತು ಸಾವಿರ ಏನ್ ದೊಡ್ಡ ಮಾತ್ರೀ? ನಾನs ಕೊಡ್ತೀನಿ. ಗಾಡಿ ಮ್ಯಾಲ ನಮ್ಮಪ್ಪನ ಹೆಸರು ಬರಸ್ರಿ. ರಾತ್ರಿ ನಮ್ಮ ವಾಡೇದ ಮುಂದ ನಿಲ್ಲಲಿ.”

ಜನ ಚಪ್ಪಾಳೆ ಹೊಡೆದರು. ಸುಗಂಧಾಳೂ ಹೊಡೆದಳು, ಯಾಕೆ ಸುಳ್ಳು ಹೇಳಬೇಕು. ಗಂಡ ಉಳಿಯುವುದಾದರೆ ಗಾಡಿಯ ಮೇಲೆ ಯಾರ ಅಪ್ಪನ ಹೆಸರಿದ್ದರೇನು!

ಆದರೆ ಸಂಜೀವಕುಮಾರ ಕೈ ಮುಗಿದ. “ಬ್ಯಾಡ್ರಿ ಸಾವಕಾರ್ರೆ. ಒಬ್ಬರ ರೊಕ್ಕದ ಗಾಡಿ ಕಡೀಕ ಒಬ್ಬರದೇ ಆಗ್ತದ, ಎರಡು ಊರಾಗ ನೋಡೀವಿ. ನಿಮ್ಮಲ್ಲಿ ನೂರಾ ನಲವತ್ತು ಮನಿ ಅವ. ಅದರಾಗ ನೂರಾ ಇಪ್ಪತ್ತು ಮನಿಯವರರೆ ಕೈ ಹಾಕಬೇಕು. ಹತ್ತು ರೂಪಾಯಿ ಇರ್ಲಿ, ನಡೀತದ. ಮನಿ ಮನಿಯಿಂದ ಬರಬೇಕು.”

ಬಸವಣಪ್ಪ ಕೂತ. ಕೂತದ್ದಷ್ಟೇ ಅಲ್ಲ, ಮುನಿಸಿಕೊಂಡ. ಅವನ ಭಾವಕಿಯವರದೇ, ದಾಯಾದಿಗಳದೇ ಆದ ಮ್ಯಾಲಿನ ಓಣಿಯಲ್ಲಿ ಇಪ್ಪತ್ತೈದು ಮನೆ, ಅವನು ಒಲ್ಲೆನೆಂದರೆ ಅವರಾರೂ ಕೈ ಹಾಕುವುದಿಲ್ಲ. ಅವು ಬಿಟ್ಟರೆ ಊರಲ್ಲಿ ಉಳಿಯುವುದು ನೂರಾ ಹದಿನೈದು, ಐದು ಕಡಿಮೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ.

ಉಳಿದ ಮನೆಗಳಲ್ಲಾದರೂ ದುಡ್ಡು ಎದ್ದಿತೇ? ಅದೂ ಇಲ್ಲ. ಸುಗಂಧಾ ನಾಲ್ಕು ದಿನ ತಿರುಗಿದಳು. ಹೆಂಗಸರು ಗಂಡಸರನ್ನು ಕೇಳಿ ಎಂದರು, ಗಂಡಸರು ನಾಳೆ ನೋಡೋಣು ಎಂದರು. ನಾಳೆ ಎಂದವರ ಮನೆ ಹಾಳು ಎಂದು ಬೈದುಕೊಳ್ಳುತ್ತ ಗಿರಣಿಗೆ ಬಂದರೆ, ಹಿಟ್ಟು ಒಯ್ಯಲು ಬಂದಿದ್ದ ಮುದುಕಿ ಜಿಜಾಬಾಯಿ ದಾರಿ ತೋರಿಸಿದಳು.

“ರೊಕ್ಕ ಕೇಳಿದ್ರ ಗಂಡಸ್ರನ್ನ ಕೇಳ್ಬೇಕವ್ವಾ. ಕಾಳಿಗ ಯಾರ ಅಪ್ಪಣಿ? ಮಠಕ್ಕ ಮುಷ್ಟಿ ಹಾಕೂದಿಲ್ಲೇನು? ಹಂಗs ಗಾಡಿಗೂ ಒಂದ ಗಡಿಗಿ ಇಡಸು.”

ಮುಷ್ಟಿ ಎಂದರೆ ಆ ಸೀಮೆಯಲ್ಲಿ ಬಿಡಿಸಿ ಹೇಳಬೇಕಿಲ್ಲ. ಮುಂಜಾನೆ ಒಲೆ ಹೊತ್ತಿಸುವ ಮೊದಲು ಮಠದ ದಾಸೋಹಕ್ಕೆಂದು ಹಿಡಿ ಕಾಳು ತೆಗೆದು ಗಡಿಗೆಗೆ ಹಾಕುವುದು, ಗಡಿಗೆ ತುಂಬಿದಾಗ ಮಠದವರು ಬಂದು ಒಯ್ಯುವುದು. ಸುಗಂಧಾಳ ಕೇರಿಯಾದ ಬುದ್ಧವಾಡೆಯಲ್ಲಿ ಮಠದ ಗಡಿಗೆ ಇರಲಿಲ್ಲ, ಆದರೂ ಹಿಡಿ ಕಾಳು ಇತ್ತು. ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ನೂರಾ ಹದಿನೈದು ಮನೆಗಳಲ್ಲಿ ದಿನಕ್ಕೊಂದು ಮುಷ್ಟಿ ಗಾಡಿಯ ಗಡಿಗೆಗೆ ಬಿತ್ತು. ತೊಗರಿ ರಾಶಿಯಾದ ಕಾಲ, ಯಾರ ಕೈಯೂ ಬಿಗಿಯಲಿಲ್ಲ. ತೆನೆ ತೆನೆ ಕೂಡಿದರೆ ಬಳ್ಳ ಎಂಬ ಮಾತು ಸುಳ್ಳಲ್ಲ. ಗಿರಣಿಯ ಮೂಲೆಯಲ್ಲಿ ಆರು ಕ್ವಿಂಟಲ್ ಕಾಳು ಕೂಡಿಬಿದ್ದಿತು.

ಶಿವರಾತ್ರಿ ಮುಗಿದ ಶುಕ್ರವಾರ ತರಕಾರಿ ಟೆಂಪೋದಲ್ಲಿ ಚೀಲ ಹೇರಿ ಹುಮನಾಬಾದಿನ ಗಂಜ್‌ಗೆ, ಕಾಳಿನ ಪೇಟೆಗೆ, ಹೊರಟರು. ದಾರಿಯಲ್ಲಿ ಮಚ್ಚೇಂದ್ರನನ್ನು ದವಾಖಾನೆಯ ಮುಂದೆ ಇಳಿಸಿದರು. ಗಂಜಿನ ಅಡತಿ ಸಾವಕಾರ ಮೊದಲ ಚೀಲದಲ್ಲಿ ಕೈ ಹಾಕಿ ತೆಗೆದು, ಅಂಗೈ ನೋಡಿಕೊಂಡ. ಎರಡನೆಯದರಲ್ಲಿ ಹಾಕಿದ. ಮೂರನೆಯದಕ್ಕೆ ನಗತೊಡಗಿದ.

“ಇದೇನ್ ಮಾಲ್ರೀ ಬಾಯೇರ? ತೊಗರೀನೂ ಅಲ್ಲ, ಜೋಳಾನೂ ಅಲ್ಲ, ಕಡ್ಲೀನೂ ಅಲ್ಲ!”

ಅಂಗೈಯಲ್ಲಿ ಎಲ್ಲವೂ ಇದ್ದವು. ತೊಗರಿ, ಜೋಳ, ಕಡಲೆ, ಉದ್ದು, ಹೆಸರು, ನಾಲ್ಕು ಕಾಳು ಸೋಯಾ. ಯಾರ ಮನೆಯಲ್ಲಿ ಅಂದು ಏನು ಕೈಗೆ ಬಂತೋ ಅದು ಗಡಿಗೆಗೆ, ಎಲ್ಲ ಗಡಿಗೆ ಒಂದೇ ಚೀಲಕ್ಕೆ.

“ಮಠಕ್ಕ ಹಾಕೂಹಂಗ ಹಾಕೀವ್ರಿ” ಎಂದಳು ಸುಗಂಧಾ.

“ಮಠದಾಗ ಮಂದಿ ಉಣ್ತಾರ ತಾಯಿ, ಎಲ್ಲಾ ಕೂಡ್ಸಿ ಕುದಿಸಿದ್ರೂ ನಡೀತದ. ಗಂಜಿನ ಮಾಲು ಮಿಲ್ಲಿಗೆ ಹೋಗ್ತದ. ದನದ ಹಿಂಡಿಗೆ ಅಂದ್ರ ಕಿಲೋಕ್ಕ ಹದಿನಾಲ್ಕು ರೂಪಾಯಿ ಕೊಡಸ್ತೀನಿ. ಇಲ್ಲಾ, ಹೆಕ್ಕಿ ಬ್ಯಾರೆ ಬ್ಯಾರೆ ಮಾಡ್ಕೊಂಡು ಬರ್ರಿ.”

ನಾಚಿಕೆಯಿಂದ ಸುಗಂಧಾಳ ಕಿವಿ ಬಿಸಿಯಾಯಿತು. ಕಾಳು ಮುಟ್ಟಿ ಮನೆ ಹೇಳುವವಳು, ಆರು ವಾರ ತನ್ನ ಕೈಯಾರೆ ಗಡಿಗೆ ಸುರಿಸಿಕೊಂಡವಳು, ಗಂಜ್‌ಗೆ ಬೆರಕೆ ಕಾಳು ಒಯ್ಯಬಾರದೆಂಬುದು ತಲೆಗೇ ಹೊಳೆಯಲಿಲ್ಲವಲ್ಲ! ಮುಷ್ಟಿ ಎಂದೊಡನೆ ಕೈಗೆ ಮಠದ ದಾರಿಯೇ ನೆನಪಾಗಿತ್ತು. ಚೀಲಗಳನ್ನು ಮತ್ತೆ ಹೇರಿಸಿಕೊಂಡು ಅವಳು ತಿರುಗಿದಳು.

ದವಾಖಾನೆಯ ಮುಂದೆ ಟೆಂಪೋ ಹತ್ತಿದ ಮಚ್ಚೇಂದ್ರ ಚೀಲದ ಮೇಲೆ ಒರಗಿ ಎಲ್ಲ ಕೇಳಿದ. ಕೇಳಿ, ಕೆಮ್ಮು ಬರುವ ತನಕ ನಕ್ಕ.

“ನಗಬ್ಯಾಡ್ರಿ. ನಂಗ ಸಾಯೂಹಂಗ ಆಗೇದ.”

“ಆ ಕೆಲಸ ನಂದು, ನೀ ಯಾಕ ಮಾಡ್ತಿ?” ಎಂದ. ಮತ್ತೆ ಚೀಲದಿಂದ ಹಿಡಿ ಕಾಳು ತೆಗೆದು ಬೆರಳಲ್ಲಿ ಆಡಿಸುತ್ತ, “ಹೆಕ್ಕೋದು ಯಾಕ? ನಮ್ಮವ್ವ ಧಪಾಟಿ ಹಿಟ್ಟಿಗ ಇವೇ ಕಾಳು ಹುಡುಕಿ ಹುಡುಕಿ ಕೂಡಸ್ತಿದ್ದಳು. ನಿಂಗ ಕೂಡೇ ಬಂದಾವ. ನೀ ಗಿರಣಿ ಇಟ್ಟೀಯೋ ಇಲ್ಲೋ?”

ಸುಗಂಧಾ ಗಂಡನ ಮುಖ ನೋಡಿದಳು. ಧಪಾಟಿ, ಊರಿಗೆ ಹೊರಟವರು ಬುತ್ತಿಗೆ ಕಟ್ಟಿಕೊಳ್ಳುವ ಖಾರದ ರೊಟ್ಟಿ. ಆ ಹಿಟ್ಟಿಗೆ ಪೇಟೆಯಲ್ಲಿ ಕಿಲೋಗೆ ನೂರು ರೂಪಾಯಿ. ಇಂಥ ತಲೆಯಿರುವ ಮನುಷ್ಯ ಯುಗಾದಿ ಆದ ಮೇಲೆ ದವಾಖಾನೆ ಬಿಡುತ್ತೇನೆ ಎನ್ನುತ್ತಾನಲ್ಲ ಎಂದು ಅವಳಿಗೆ ಸಿಟ್ಟೂ ಬಂತು, ಅವನನ್ನು ಬಿಟ್ಟುಕೊಡಲಾರೆ ಎಂಬ ಹಟವೂ ಬಂತು.

ಮರುದಿನ ಗಿರಣಿಯ ಮುಂದೆ ಹೆಂಗಸರು ನೆರೆದರು. ಕೇರುವವರು ಕೇರಿದರು, ಹುರಿಯುವವರು ಹುರಿದರು. ಸುಗಂಧಾ ಬೀಸಿದಳು. ಮೊದಲ ಹಿಟ್ಟಿನ ಧಪಾಟಿ ಜಿಜಾಬಾಯಿಯೇ ತಟ್ಟಿದಳು. ಅದು ಹಂಚಿಗೆ ಅಂಟಿತು, ತೆಗೆಯಹೋದರೆ ಮೂರು ಚೂರಾಯಿತು. ಬಾಯಿಗಿಟ್ಟವರು ಒಬ್ಬರ ಮುಖ ಒಬ್ಬರು ನೋಡಿದರು.

“ಅಳತಿ ತಪ್ಪೇದ. ಇದರ ಅಳತಿ ಗೊತ್ತಿದ್ದಾಕಿ ಈ ಊರಾಗ ಒಬ್ಬಾಕಿನೇ” ಎಂದು ಜಿಜಾಬಾಯಿ ಮ್ಯಾಲಿನ ಓಣಿಯ ಕಡೆ ನೋಡಿದಳು.

ಆ ಒಬ್ಬಳು ಶಕುಂತಲಾಬಾಯಿ, ಬಸವಣಪ್ಪನ ತಾಯಿ. ಸುಗಂಧಾಳ ಎದೆಯಲ್ಲಿ ಹಳೆಯ ಮುಳ್ಳು ಆಡಿತು. ಹದಿನಾಲ್ಕು ವರ್ಷದ ಹಿಂದೆ ಗಿರಣಿ ಶುರುವಾಗುವ ದಿನ ಅವಳು ಮನೆ ಮನೆಗೆ ಕರೆಯಲು ಹೋಗಿದ್ದಳು. ಶಕುಂತಲಾಬಾಯಿ ಒಳಗಿನಿಂದಲೇ, “ನಮ್ಮ ಕಾಳು ಬಸವಕಲ್ಯಾಣದ ಗಿರಣಿಗೆ ಹೋಗ್ತಾವ” ಎಂದಿದ್ದಳು. ಬೇರೇನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಯಾಕೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಮ್ಯಾಲಿನ ಓಣಿಯ ಉಳಿದವರು ಒಬ್ಬೊಬ್ಬರೇ ಗಿರಣಿಗೆ ಬರತೊಡಗಿದರು, ಶಕುಂತಲಾಬಾಯಿಯ ಕಾಳು ಮಾತ್ರ ಇವತ್ತಿಗೂ ಕಲ್ಯಾಣಕ್ಕೇ ಹೋಗುತ್ತದೆ. ಆ ಬಾಗಿಲು ಮತ್ತೆ ತುಳಿಯುವುದಿಲ್ಲ ಎಂದು ಸುಗಂಧಾ ಅಂದೇ ಆಣೆ ಹಾಕಿಕೊಂಡಿದ್ದಳು.

ಆಣೆ ದೊಡ್ಡದೋ, ಹೊರಸಿನ ಮೇಲಿನ ಮನುಷ್ಯ ದೊಡ್ಡವನೋ? ಡಬ್ಬಿಯಲ್ಲಿ ಹಿಟ್ಟು ತುಂಬಿಕೊಂಡು, ಸೆರಗು ಸರಿಮಾಡಿಕೊಂಡು ಹೋದಳು.

ಶಕುಂತಲಾಬಾಯಿ ವಾಡೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಎಪ್ಪತ್ತೆರಡರ ಮುದುಕಿ. ಬಂದವಳನ್ನು ನೋಡಿದಳು, ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

“ಅವ್ವಾರೆ, ಧಪಾಟಿ ಹಿಟ್ಟು ಕೆಟ್ಟದ್ರಿ. ನಿಮಗ ಗೊತ್ತದ ಅಂದ್ರು, ಅದಕ್ಕ ಬಂದೀನಿ” ಎಂದಳು ಸುಗಂಧಾ. ಆಮೇಲೆ, ಹೇಳಬೇಕೆಂದುಕೊಂಡಿರದ ಮಾತೂ ಬಾಯಿಗೆ ಬಂತು. “ಗಾಡಿ ಬರಲಿಲ್ಲಂದ್ರ ನಮ್ಮ ಮನ್ಯಾವರು ದವಾಖಾನಿ ಬಿಡ್ತಾರಂತ್ರಿ.”

ಮುದುಕಿ ಬೆನ್ನ ಹಿಂದಿನ ಗೋಡೆಯ ಮೇಲೆ ಅಂಗೈ ಇಟ್ಟಳು.

“ಈ ಗೋಡಿ ನಿನ್ನ ಗಂಡನೇ ಕಟ್ಟಿದ್ದು. ಇಪ್ಪತ್ತು ಮಳಿಗಾಲ ಆಯ್ತು, ಒಂದ ಬಿರುಕಿಲ್ಲ.” ಆಮೇಲೆ ಕೈ ಚಾಚಿದಳು. “ಹಿಟ್ಟು ತಾ.”

ಡಬ್ಬಿಯಲ್ಲಿ ಬೆರಳಾಡಿಸಿ ಉಜ್ಜಿ ನೋಡಿದಳು, ಮೂಸಿದಳು. ಆಮೇಲೆ ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟುಕೊಂಡಳು. ಆ ಗಿರಣಿಯ ಹಿಟ್ಟು ಆ ನಾಲಿಗೆಗೆ ಬಿದ್ದದ್ದು ಅದೇ ಮೊದಲು.

“ಉದ್ದು ಹೆಚ್ಚಾಗೇದ. ಗೋಧಿ ಎಲ್ಲಿ? ಗೋಧಿ ಹಾಕದs ಧಪಾಟಿ ಹ್ಯಾಂಗ ನಿಲ್ತದ? ಜೋಳ ಇನ್ನೊಂದಿಷ್ಟು ಬೇಕು. ಕೊತ್ತಂಬರಿ ಕಾಳು ಹುರ್ದು ಹಾಕ್ರಿ. ಬೀಸಿದ್ದು ಮಾತ್ರ ಬರೋಬ್ಬರಿ ಅದ.” ಬೆರಳು ಒರೆಸಿಕೊಂಡು ಕೇಳಿದಳು, “ಫೋನ್ ಮಾಡಿದ್ರ ಬಾಗಲಿಗೆ ಬರ್ತದಂತ, ಖರೇ ಏನು?”

“ಖರೇನ್ರಿ.”

“ಕಲ್ಯಾಣದಾಗ ನನ್ನ ತಂಗಿ ಹಾಸಿಗಿ ಹಿಡದಾಳ. ಮಗನ ಕಾರ್ ಅದ, ಮಗಗ ಪುರಸೊತ್ತಿಲ್ಲ. ನಮ್ಮ ಜೋಳ ವಾರಕ್ಕೊಮ್ಮೆ ಕಾರಿನಾಗ ಕುಂತು ಕಲ್ಯಾಣಕ್ಕ ಹೋಗಿ ಬೀಸಿಕೊಂಡು ಬರ್ತದ. ನಾ ಹೋಗಿ ಎಂಟ ತಿಂಗಳಾಯ್ತು.”

ಹೇಳಿ ಮುದುಕಿ ಸಣ್ಣಗೆ ನಕ್ಕಳು. ಆ ನಗೆಯಲ್ಲಿ ಹದಿನಾಲ್ಕು ವರ್ಷದ ಮಾತು ಇತ್ತೋ ಇಲ್ಲವೋ, ಸುಗಂಧಾ ಕೇಳಲಿಲ್ಲ. ಕ್ಷಮಿಸಿಬಿಟ್ಟಳು ಎಂದರೆ ಸುಳ್ಳಾಗುತ್ತದೆ. ಆದರೆ ಹಿಂತಿರುಗುವಾಗ ಕಾಲು ಹಗುರಾಗಿದ್ದವು.

ಮರುದಿನ ಮುಂಜಾನೆ ಶಕುಂತಲಾಬಾಯಿ ಕೋಲೂರಿಕೊಂಡು ಗಿರಣಿಗೇ ಬಂದಳು. ಹಿಂದೆ ಮ್ಯಾಲಿನ ಓಣಿಯ ಎಂಟು ಸೊಸೆಯರು, ಒಬ್ಬೊಬ್ಬಳ ಬಗಲಲ್ಲಿ ಒಂದೊಂದು ಗಡಿಗೆ. “ಮಠದ ಮುಷ್ಟಿ ಇದು” ಎಂದು ಮುದುಕಿ ತನ್ನ ಮನೆಯ ಗಡಿಗೆ ಇಳಿಸಿದಳು. “ಮಠದ ಅಪ್ಪಾವರಿಗೆ ನಾ ಹೇಳ್ಕೋತೀನಿ. ಮುಂದಿನ ತಿಂಗಳದ್ದು ಅವರಿಗೆ ಕೊಟ್ರಾಯ್ತು.”

ನೂರಾ ಹದಿನೈದರ ಮೇಲೆ ಒಂಬತ್ತು. ಬಸವಣಪ್ಪ ಸಂಜೆ ಬುಸುಗುಟ್ಟುತ್ತ ಬಂದ. “ನಾ ಅರವತ್ತು ಸಾವಿರ ಅಂದಾಗ ಬ್ಯಾಡ ಆಯ್ತು, ನಮ್ಮವ್ವನ ಒಂದ ಗಡಿಗಿ ನಡೀತೇನು?” ಎಂದ. ಒಳಗೆ ಹುರಿಯುವ ಬಾಣಲೆಯ ಮುಂದೆ ಕೂತಿದ್ದ ತಾಯಿ ತಲೆಯೆತ್ತದೆ, “ಬಸಣ್ಣಾ, ಬಂದೀ ಅಂದ್ರ ಆ ಚೀಲ ಜರಾ ಈ ಕಡೆ ಸರಸು” ಎಂದಳು. ಅವ್ವನ ಮುಂದೆ ಯಾವ ಸಾವಕಾರ? ಚೀಲ ಸರಿಸಿದ.

ಆಮೇಲಿನ ಹತ್ತು ದಿನ ಗಿರಣಿಗೆ ಬಿಡುವಿರಲಿಲ್ಲ. ಹೊಸ ಅಳತೆಯ ಧಪಾಟಿ ಹಂಚಿನಿಂದ ಹೂವಿನಂತೆ ಎದ್ದುಬಂತು. ಕಿಲೋ ಕಿಲೋ ಕಟ್ಟಿದ ಹಿಟ್ಟು ಹುಮನಾಬಾದಿನ ಕಾರ್ಖಾನೆಗಳ ಮುಂದೆ ಪಾಳಿ ಬಿಡುವ ಹೊತ್ತಿಗೆ ಹೋಯಿತು, ಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ಹೋಯಿತು, ಮಾರಿದವರ ಮನೆಗಳಿಗೂ ಹೋಯಿತು. ಹೋಳಿಗೆ ಎರಡು ದಿನ ಮೊದಲು ಸಂಜೀವಕುಮಾರ ಬಂದು ಅರವತ್ತು ಸಾವಿರ ಎಣಿಸಿಕೊಂಡ. ನೂರಾ ಇಪ್ಪತ್ನಾಲ್ಕು ಮನೆಯ ಹೆಸರು ಬರೆದುಕೊಂಡ. ಹೊರಡುವಾಗ ಎರಡು ಕಿಲೋ ಹಿಟ್ಟು ತಾನೂ ಕೊಂಡ.

ಯುಗಾದಿಗೆ ಐದು ದಿನ ಉಳಿದಿರುವಾಗ, ಒಂದು ಮಂಗಳವಾರದ ಮುಂಚಿನ ಸಂಜೆ, ಗಾಡಿ ಬಂತು. ಬಿಳಿ ಬಣ್ಣ, ಎಂಟು ಸೀಟು, ಮೈಮೇಲೆ ಯಾರ ಅಪ್ಪನ ಹೆಸರೂ ಇಲ್ಲ, ಒಂದು ಫೋನ್ ನಂಬರ್ ಮಾತ್ರ. ಊರಲ್ಲಿ ಗಟ್ಟಿ ಕರೆಂಟಿನ ಲೈನ್ ಇರುವುದು ಗಿರಣಿಗೇ ಆದ್ದರಿಂದ ಚಾರ್ಜಿಗೆ ಅಲ್ಲೇ ನಿಂತಿತು. ಓಡಿಸಲು ಅಜೀಮ್. ಮೂವತ್ತು ವರ್ಷ ಟಮ್‌ಟಮ್ಮಿನ ಸಪ್ಪಳದಲ್ಲಿ ಅರ್ಧ ಕಿವಿ ಕಳೆದುಕೊಂಡವನಿಗೆ ಇದರದೊಂದೇ ತಕರಾರು. “ಏನೂ ಸಪ್ಪಳಾನೇ ಇಲ್ಲಲ್ರೀ! ನಾ ಬಂದೀನಂತ ಮಂದಿಗೆ ಹ್ಯಾಂಗ ಗೊತ್ತಾಗಬೇಕು?”

ಆ ಮಂಗಳವಾರ ಎರಡು ಗಂಟೆಗೆ ಕ್ರಾಸಿನಿಂದ ಮಚ್ಚೇಂದ್ರ ಫೋನ್ ಮಾಡಿದ. ಅದೇ ಹೊತ್ತಿಗೆ ಕಲ್ಯಾಣದ ಬಸ್ಸಿನಿಂದ ಇಳಿದ ಶಕುಂತಲಾಬಾಯಿಯೂ ಮಾಡಿದ್ದಳು. ಬೇವಿನ ಗಿಡದ ಕೆಳಗೆ ಕಾಲು ತಾಸು ಕೂತಿರಬಹುದು, ಗಾಡಿ ಬಂತು. ಗಿರಣಿಯ ಮುಂದೆ ಇಳಿದಾಗ ಮಚ್ಚೇಂದ್ರನ ಮುಖ ಬಿಳಿಚಿತ್ತು, ಆದರೆ ತನ್ನ ಕಾಲ ಮೇಲೆ ತಾನು ನಿಂತಿದ್ದ. ಗಾಡಿಯೊಳಗಿನಿಂದ ಮುದುಕಿ ಕೂಗಿ ಹೇಳಿದಳು, “ಸುಗಂಧಾ, ನಾಳಿಗೆ ಜೋಳ ಕಳಸ್ತೀನಿ. ಸಣ್ಣಗ ಬೀಸು.”

ಎಲ್ಲ ಸರಿ. ಆದರೆ ಸುಗಂಧಾಳ ಮನಸ್ಸಿನಿಂದ ಒಂದು ಮಾತು ಹೋಗಿರಲಿಲ್ಲ. ಮಚ್ಚೇಂದ್ರ ಯುಗಾದಿ ಎಂದಿದ್ದ. ಆ ಮಾತು ಅವನು ಹಿಂದೆ ತೆಗೆದುಕೊಂಡಿರಲಿಲ್ಲ, ಕೇಳುವ ಧೈರ್ಯ ಅವಳಿಗೂ ಬರಲಿಲ್ಲ.

ಯುಗಾದಿ ಬಂತು. ಅವರ ಮನೆಯಲ್ಲಿ ಪೂಜೆ ಇಲ್ಲ, ಹೋಳಿಗೆಗೆ ಮಾತ್ರ ಯಾವ ತಕರಾರೂ ಇಲ್ಲ. ಡಾಕ್ಟರು ಒಂದೇ ಎಂದಿದ್ದರು. ಆ ಒಂದನ್ನು ಮಚ್ಚೇಂದ್ರ ಚೂರು ಚೂರೇ ಮುರಿದು, ಅರ್ಧ ತಾಸು ಉಂಡ. ಎದುರಿಗೆ ಕೂತ ಸುಗಂಧಾ ತನ್ನ ತಟ್ಟೆ ಮುಟ್ಟದೆ ಆ ಚೂರುಗಳನ್ನೇ ನೋಡುತ್ತಿದ್ದಳು. ಕೊನೆಯ ಚೂರು ಬಾಯಿಗೆ ಹಾಕಿಕೊಂಡು, ಕೈ ತೊಳೆದು, ಅವನು ಫೋನ್ ತೆಗೆದುಕೊಂಡ.

“ಅಜೀಮ್‌ಭಾಯ್, ಮಂಗಳವಾರ ಏಳೂವರಿಗ ಬಾಗಲಿಗೆ ಬಾ. ಶುಕ್ರವಾರಾನೂ ಬರ್ಕೋ. ಅದರ ಮುಂದಿನ ಮಂಗಳವಾರಾನೂ ಬರ್ಕೋ… ಎಲ್ಲೀ ತನಕ ಅಂತೀ? ನಂಗೇನ್ ಗೊತ್ತು ಮಾರಾಯಾ, ನಿನ್ನ ಪುಸ್ತಕ ತುಂಬೂ ತನಕ ಬರ್ಕೋತ ಹೋಗು.”

ಸುಗಂಧಾ ಈ ಸಲ ಗಿರಣಿ ಶುರು ಮಾಡಲು ಎದ್ದು ಹೋಗಲಿಲ್ಲ. ಅವನ ಎದುರಿಗೇ ಕೂತು, ಸದ್ದು ಮಾಡಿಯೇ ಅತ್ತಳು. ಅತ್ತು ಮುಗಿದ ಮೇಲೆ, ಡಾಕ್ಟರ ಮಾತು ಮೀರಿ, ಅವನ ತಟ್ಟೆಗೆ ಇನ್ನರ್ಧ ಹೋಳಿಗೆ ಹಾಕಿದಳು.